ಹಡಗಲ್ಲ, ಮೊದಲು ಊರು: ವೈಸರ್ ಮನೆತನದ ಬೇರು ಹುಡುಕುತ್ತ

(ಪೆನ್ಸಿಲ್ವೇನಿಯಾದಲ್ಲಿ ಕನ್ನಡ ಗೆಳೆಯರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾವಿರುವ ಈ ಸೀಮೆಯಲ್ಲಿ ಯಾವುದಾದರೂ ಹಳೇ ಚರ್ಚಿನ ಸ್ಮಶಾನಕ್ಕೆ ಸುಮ್ನೆ ಒಮ್ಮೆ ಹೋಗಿ ನೋಡಿ. ಸಾಲುಸಾಲಾಗಿ ಜರ್ಮನ್ ಹೆಸರುಗಳು. ಹಳೆಯ ಕಲ್ಲುಗಳ ಮೇಲೆ ಬರಹವೂ ಜರ್ಮನ್‌ನಲ್ಲೇ ಇರುತ್ತದೆ. ಈ ಜನರ ಮರಿಮಕ್ಕಳ ಮರಿಮಕ್ಕಳು ಈಗ ನಮ್ಮ ನೆರೆಹೊರೆಯವರು, ಸಹೋದ್ಯೋಗಿಗಳು. 'ನಿಮ್ಮ ಹಿರಿಯರು ಎಲ್ಲಿಯವರು?' ಎಂದು ಕೇಳಿದರೆ 'ಜರ್ಮನಿ' ಎನ್ನುತ್ತಾರೆ. ಜರ್ಮನಿಯಲ್ಲಿ ಎಲ್ಲಿ ಎಂದರೆ ಹೆಚ್ಚಿನವರ ಮಾತು ಅಲ್ಲಿಗೇ ನಿಲ್ಲುತ್ತದೆ.

ಹುಡುಕಾಟ ಶುರುವಾಗಬೇಕಾದ್ದು ಅಲ್ಲಿಂದಲೇ. 1700ರ ಹೊತ್ತಿಗೆ ಜರ್ಮನಿ ಎಂಬ ಒಂದು ದೇಶ ಇರಲಿಲ್ಲ. ನೂರಾರು ಸಣ್ಣಪುಟ್ಟ ರಾಜ್ಯಗಳಿದ್ದವು. ಡ್ಯೂಕ್‌ಗಳದ್ದು, ಬಿಷಪ್‌ಗಳದ್ದು, ಸ್ವತಂತ್ರ ನಗರಗಳದ್ದು. ಇಡೀ ದೇಶಕ್ಕೆ ಒಂದು ಜನನ-ಮರಣ ನೋಂದಣಿ ಎಂಬುದು ಇರಲೇ ಇಲ್ಲ. ಇದ್ದದ್ದು ಊರಿನ ಚರ್ಚಿನ ಪುಸ್ತಕ. ಯಾರಿಗೆ ದೀಕ್ಷಾಸ್ನಾನ ಆಯಿತು, ಯಾರ ಮದುವೆ ಆಯಿತು, ಯಾರನ್ನು ಮಣ್ಣು ಮಾಡಿದರು ಎಂದು ಪಾದ್ರಿ ಅದರಲ್ಲಿ ಬರೆದಿಡುತ್ತಿದ್ದ. ಊರು ಗೊತ್ತಾದರೆ ಪುಸ್ತಕ ಸಿಗುತ್ತದೆ, ಪುಸ್ತಕ ಸಿಕ್ಕರೆ ಮನೆತನ ಸಿಗುತ್ತದೆ. ಊರು ಗೊತ್ತಿಲ್ಲದಿದ್ದರೆ ಬರೀ ಮ್ಯುಲ್ಲರ್, ಷ್ಮಿಟ್ ಎಂಬ ಹೆಸರು ಹಿಡಿದುಕೊಂಡು ಎಲ್ಲಿಗೂ ಹೋಗಲಾಗದು. ಬಹಳ ಜನ ಹಡಗನ್ನು ಹುಡುಕುತ್ತಾರೆ. ಹಡಗಿನ ಹೆಸರು ಸಿಕ್ಕರೆ ಖುಷಿಯೇನೋ ಹೌದು, ಆದರೆ ಹಡಗು ಹತ್ತಿದ್ದು ರಾಟರ್‌ಡ್ಯಾಮ್‌ನಲ್ಲೋ ಲಂಡನ್‌ನಲ್ಲೋ. ಅದು ಯಾರ ಊರನ್ನೂ ಹೇಳುವುದಿಲ್ಲ.

ಇದನ್ನು ಒಂದೇ ಮನೆತನದ ಮೂಲಕ ತೋರಿಸುತ್ತೇನೆ. ಇಲ್ಲಿಂದ ದೂರವೇನಲ್ಲ, ಬರ್ಕ್ಸ್ ಕೌಂಟಿಯ ವೊಮೆಲ್ಸ್‌ಡಾರ್ಫ್‌ನಲ್ಲಿ ಕಾನ್ರಾಡ್ ವೈಸರ್ ಎಂಬಾತನ ಮನೆ ಮತ್ತು ಸಮಾಧಿ ಇವೆ. 1696ರಲ್ಲಿ ಹುಟ್ಟಿ 1760ರಲ್ಲಿ ತೀರಿಕೊಂಡವನು. ಪೆನ್ಸಿಲ್ವೇನಿಯಾ ಸರ್ಕಾರಕ್ಕೂ ಇಲ್ಲಿನ ಮೂಲನಿವಾಸಿಗಳ ಇರೊಕ್ವಾ ಒಕ್ಕೂಟಕ್ಕೂ ನಡುವೆ ದುಭಾಷಿಯಾಗಿ ಮೂವತ್ತು ವರ್ಷ ಓಡಾಡಿದವನು. ಶಾಲೆಯ ಪುಸ್ತಕಗಳು ಅವನನ್ನು ನೆನೆಯುವುದು ಆ ಕಾರಣಕ್ಕೆ. ನಮಗೆ ಅವನು ಬೇಕಾಗುವುದು ಬೇರೆ ಕಾರಣಕ್ಕೆ. ಅವನು ತನ್ನ ಮನೆತನದ ವಿಷಯವನ್ನು, ತನ್ನ ಮಕ್ಕಳಿಗೆ ತಿಳಿದಿರಲಿ ಎಂದು, ಜರ್ಮನ್‌ನಲ್ಲಿ ಚಿಕ್ಕದಾಗಿ ಬರೆದಿಟ್ಟ. ಆ ಕಾಲದ ವಲಸಿಗರಲ್ಲಿ ಇಂಥ ಬರಹ ಬಿಟ್ಟುಹೋದವರು ತೀರಾ ಕಡಿಮೆ.

ಅದರ ಮೊದಲ ಸಾಲುಗಳಲ್ಲೇ ಎಷ್ಟು ವಿಷಯ ಇದೆ ನೋಡಿ. 1696ರ ನವೆಂಬರ್ 2ರಂದು ವುರ್ಟೆಂಬರ್ಗ್ ಸೀಮೆಯ ಹೆರೆನ್‌ಬರ್ಗ್ ತಾಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿದೆ, ಪಕ್ಕದ ಕುಪ್ಪಿಂಗನ್‌ನಲ್ಲಿ ದೀಕ್ಷಾಸ್ನಾನ ಆಯಿತು, ಇದನ್ನು ನನ್ನ ಅಪ್ಪ ಹೇಳಿದ್ದು ಎನ್ನುತ್ತಾನೆ. ಹಳ್ಳಿಯ ಹೆಸರು ಇಂಗ್ಲಿಷ್ ಅಚ್ಚಿಗೆ ಬರುವಷ್ಟರಲ್ಲಿ 'ಆಸ್ಟೇಟ್' ಎಂದಾಗಿತ್ತು. ಹೆರೆನ್‌ಬರ್ಗ್ ಸುತ್ತಮುತ್ತ ಅಂಥ ಊರೇ ಇಲ್ಲ. ಆದರೆ ಕುಪ್ಪಿಂಗನ್ ಇದೆ. ಅದರ ಪಕ್ಕದ ಹಳ್ಳಿ ಆಫ್‌ಷ್ಟೆಟ್. ಹಳೆಯ ಜರ್ಮನ್ ಕೈಬರಹದಲ್ಲಿ 'ಎಫ್' ಅಕ್ಷರಕ್ಕೂ ಉದ್ದನೆಯ 'ಎಸ್' ಅಕ್ಷರಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಗೀಟಿನಷ್ಟು. ಓದಿದವರ ಕಣ್ಣು ತಪ್ಪಿದ್ದರೆ ಆಶ್ಚರ್ಯವಿಲ್ಲ. ಹಾಳಾದ ಹೆಸರನ್ನು ಸರಿ ಮಾಡಿಕೊಟ್ಟಿದ್ದು ಪಕ್ಕದ ಊರು. ಹಳೆ ಕಾಗದದಲ್ಲಿ ಊರಿನ ಹೆಸರು ಅರ್ಥವಾಗದಿದ್ದರೆ ಅದೇ ಪುಟದಲ್ಲಿ ಇನ್ನೊಂದು ಊರು ಇದೆಯಾ ನೋಡಿ. ನಕ್ಷೆ ತೆಗೆದು ಅದರ ಸುತ್ತ ಹುಡುಕಿ.

ಈಗ ಸಿಕ್ಕಿತಲ್ಲ ಊರು, ಮುಗಿಯಿತು ಅನ್ನಿಸಬಹುದು. ಇಲ್ಲ. ಆಫ್‌ಷ್ಟೆಟ್‌ನಲ್ಲಿ ವೈಸರ್‌ಗಳ ಹಿಂದಿನ ತಲೆಮಾರುಗಳನ್ನು ಹುಡುಕಿದರೆ ಸಿಗುವುದಿಲ್ಲ. ಯಾಕೆಂದರೆ ಅಪ್ಪ ಯೋಹಾನ್ ಕಾನ್ರಾಡ್ ವೈಸರ್ ಆಗ ವುರ್ಟೆಂಬರ್ಗ್‌ನ ಅಶ್ವದಳದಲ್ಲಿದ್ದ. ಫ್ರಾನ್ಸ್‌ನ 14ನೇ ಲೂಯಿಯ ಜೊತೆ ಯುದ್ಧ ನಡೆಯುತ್ತಿದ್ದ ಕಾಲ ಅದು. ದಳ ಎಲ್ಲಿ ಬೀಡುಬಿಟ್ಟಿತ್ತೋ ಅಲ್ಲಿ ಮಗು ಹುಟ್ಟಿತು. ಮನೆತನದ ಊರು ಬೇರೆ. ಅದನ್ನೂ ಕಾನ್ರಾಡ್ ಬರೆದಿದ್ದಾನೆ. ಬಕ್‌ನಾಂಗ್ ತಾಲೂಕಿನ ಗ್ರೋಸ್‌ಆಸ್ಪಾಖ್. ಅಜ್ಜನ ಹೆಸರು ಯಾಕೊಬ್, ಮುತ್ತಜ್ಜನ ಹೆಸರೂ ಯಾಕೊಬ್ ಎನ್ನುತ್ತಾನೆ. ಹುಟ್ಟಿದ ಊರು ಒಂದು, ಮನೆತನದ ಊರು ಇನ್ನೊಂದು. ಸೈನಿಕರ, ಗಿರಣಿಯವರ, ಕುರುಬರ, ಶಾಲಾ ಮೇಷ್ಟ್ರುಗಳ ಮನೆತನ ಹುಡುಕುವವರು ಇದನ್ನು ಮರೆಯಲೇಬಾರದು. ಅವರೆಲ್ಲ ಊರೂರು ತಿರುಗಿದ ಜನ.

ಇಲ್ಲಿ ನಮ್ಮ ಕನ್ನಡದ್ದೊಂದು ಮಾತು. ಇದೇ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ರಲ್ಲಿ ಹುಟ್ಟಿದವರು ಹರ್ಮನ್ ಮೋಗ್ಲಿಂಗ್. 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವರು. ಗ್ರೋಸ್‌ಆಸ್ಪಾಖ್‌ನಿಂದ ಆ ಊರು ಬಹಳ ದೂರವಲ್ಲ. ಒಂದೇ ಸೀಮೆಯಿಂದ ಒಂದು ಶತಮಾನದಲ್ಲಿ ಬಡ ರೈತರು ಪಶ್ಚಿಮಕ್ಕೆ ಹೋದರು, ಮುಂದಿನ ಶತಮಾನದಲ್ಲಿ ಓದಿದ ಪಾದ್ರಿಗಳು ಮಂಗಳೂರಿಗೆ, ಧಾರವಾಡಕ್ಕೆ ಬಂದರು. ಬಾಸೆಲ್ ಮಿಶನ್‌ನ ಹೆಸರು ಕೇಳಿ ಬೆಳೆದ ನಮಗೆ ಈ ಸೀಮೆ ಪೂರ್ತಿ ಪರಕೀಯವೇನಲ್ಲ.

ಮತ್ತೆ ವೈಸರ್‌ಗೆ ಬರೋಣ. 1708-09ರ ಚಳಿಗಾಲ ಯುರೋಪಿನಲ್ಲಿ ಭಯಂಕರವಾಗಿತ್ತು. ನದಿಗಳು ಹೆಪ್ಪುಗಟ್ಟಿದವು, ದ್ರಾಕ್ಷಿ ಬಳ್ಳಿಗಳು ಸತ್ತವು. ಅದಕ್ಕೆ ಮೊದಲೇ ಯುದ್ಧ, ಕಂದಾಯ. ಇಂಗ್ಲೆಂಡಿನ ರಾಣಿ ಆ್ಯನ್ ಅಮೆರಿಕದಲ್ಲಿ ಜಮೀನು ಕೊಡುತ್ತಾಳಂತೆ ಎಂಬ ಸುದ್ದಿ ಹಬ್ಬಿತು. ಯೊಶುವಾ ಕೋಖರ್‌ತಾಲ್ ಎಂಬ ಪಾದ್ರಿ ಅಮೆರಿಕವನ್ನು ಹೊಗಳಿ ಬರೆದ ಸಣ್ಣ ಪುಸ್ತಕ ಕೈಯಿಂದ ಕೈಗೆ ಓಡಾಡಿತು. 1709ರಲ್ಲಿ ಸುಮಾರು 13,000 ಜನ ರೈನ್ ನದಿ ಹಿಡಿದು ಲಂಡನ್ ತಲುಪಿದರು. ಅಲ್ಲಿ ಅವರನ್ನೆಲ್ಲ ಒಟ್ಟಾಗಿ 'ಪೆಲಟೈನ್‌ಗಳು' ಎಂದು ಕರೆದರು, ಅಂದರೆ ಪೆಲಟಿನೇಟ್ ಸೀಮೆಯವರು. ಆ ಹಣೆಪಟ್ಟಿಯನ್ನು ನಂಬಿ ಎಷ್ಟೋ ಜನ ಪೆಲಟಿನೇಟ್‌ನಲ್ಲೇ ಹುಡುಕಿ ಸುಸ್ತಾಗುತ್ತಾರೆ. ವೈಸರ್‌ಗಳು ವುರ್ಟೆಂಬರ್ಗ್‌ನವರು. ಹೆಸ್ಸೆ, ನಾಸೌ ಕಡೆಯವರೂ ಆ ಗುಂಪಿನಲ್ಲಿದ್ದರು.

ಹೊರಡುವ ಹೊತ್ತಿಗೆ ಈ ಮನೆಯಲ್ಲಿ ಏನಾಗಿತ್ತು ಗೊತ್ತಾ? ಅದೇ ವರ್ಷ ಮೇ ತಿಂಗಳಲ್ಲಿ ತಾಯಿ ಅನ್ನಾ ಮಗ್ದಲೇನಾ ತೀರಿಕೊಂಡಿದ್ದಳು. ಆಗ ಮತ್ತೆ ಗರ್ಭಿಣಿ. ಜೂನ್ 24ಕ್ಕೆ ಅಪ್ಪ ಎಂಟು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟ. ಮದುವೆಯಾಗಿದ್ದ ಹಿರಿಮಗಳು ಕ್ಯಾಥರಿನಾ ಗಂಡ, ಮಕ್ಕಳ ಜೊತೆ ಊರಲ್ಲೇ ಉಳಿದಳು. ಮನೆ, ಹೊಲ, ಹುಲ್ಲುಗಾವಲು, ದ್ರಾಕ್ಷಿತೋಟ ಎಲ್ಲವನ್ನೂ ಅಪ್ಪ ಅವಳಿಗೆ ಬಿಟ್ಟ. ಈ ಕ್ಯಾಥರಿನಾಳನ್ನು ನೆನಪಿಟ್ಟುಕೊಳ್ಳಿ, ಅವಳ ಹತ್ತಿರ ಮತ್ತೆ ಬರುತ್ತೇನೆ.

ಲಂಡನ್‌ಗೆ ಬಂದವರ ಹೆಸರು, ವಯಸ್ಸು, ಕಸುಬು, ಪಂಗಡಗಳನ್ನು ಬರೆದ ನಾಲ್ಕು ಪಟ್ಟಿಗಳು ಉಳಿದಿವೆ. ಅದರಲ್ಲಿ ವೈಸರ್‌ಗಳನ್ನು ಹುಡುಕಿ ಫಲವಿಲ್ಲ. ಆ ಪಟ್ಟಿಗಳು 1709ರ ಮೇ ತಿಂಗಳಿಂದ ಜೂನ್ ಮಧ್ಯದವರೆಗಿನವು. ಇವರು ಲಂಡನ್ ಮುಟ್ಟಿದ್ದು ಆಮೇಲೆ. ಹೆಸರು ಇಲ್ಲ ಎಂದಾಕ್ಷಣ 'ಬಂದೇ ಇಲ್ಲ' ಎಂದು ತೀರ್ಮಾನಿಸಬೇಡಿ. ಪಟ್ಟಿ ಯಾವತ್ತಿಂದ ಯಾವತ್ತಿನವರೆಗೆ ಇದೆ ಎಂದು ಮೊದಲು ನೋಡಬೇಕು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಕಾಗದ. ಆ ವರ್ಷದ ಕೊನೆಗೆ ಹಡಗು ಹತ್ತಿದ ಇವರು 1710ರ ಜೂನ್‌ನಲ್ಲಿ ನ್ಯೂಯಾರ್ಕ್ ತಲುಪಿದರು. ಹತ್ತು ಹಡಗು, 4,000 ಜನ ಎನ್ನುತ್ತಾನೆ ಕಾನ್ರಾಡ್. ಆಗ ಅವನಿಗೆ 13 ವರ್ಷ. ಸರ್ಕಾರಿ ಲೆಕ್ಕ ನೋಡಿದವರು ಹೊರಟವರು ಸುಮಾರು 2,800 ಎನ್ನುತ್ತಾರೆ. ದಾರಿಯಲ್ಲೇ, ಬಂದಿಳಿದ ಮೇಲೆ, ನೂರಾರು ಜನ ಜ್ವರಕ್ಕೆ ಬಲಿಯಾದರು. ಉಳಿದವರನ್ನು ಹಡ್ಸನ್ ನದಿಯ ದಂಡೆಗೆ, ಲಿವಿಂಗ್‌ಸ್ಟನ್ ಎಂಬ ಜಮೀನ್ದಾರನ ಸೀಮೆಗೆ ಸಾಗಿಸಿದರು. ಬ್ರಿಟಿಷ್ ನೌಕಾಪಡೆಗೆ ಪೈನ್ ಮರದಿಂದ ಟಾರು ತೆಗೆಯಬೇಕು, ಪ್ರಯಾಣದ ಸಾಲ ತೀರಿಸಬೇಕು. ಆ ಕೆಲಸ ಕೈಗೂಡಲಿಲ್ಲ. ಆದರೆ ಅಷ್ಟು ದಿನ ಗವರ್ನರ್ ರಾಬರ್ಟ್ ಹಂಟರ್ ಇವರಿಗೆಲ್ಲ ರೇಶನ್ ಕೊಟ್ಟ. ಕೊಟ್ಟ ರೇಶನ್‌ಗೆ ಲೆಕ್ಕ ಇಟ್ಟ.

ಆ ಲೆಕ್ಕದ ಪುಸ್ತಕವೇ ಇವತ್ತು ಈ ವಲಸಿಗರ ವಂಶ ಹುಡುಕುವವರಿಗೆ ಆಸರೆ. 1710ರಿಂದ 1712ರವರೆಗೆ, 847 ಕುಟುಂಬಗಳ ಯಜಮಾನರ ಹೆಸರು. ಒಂದೊಂದು ಹೆಸರಿನ ಮುಂದೆ ಎರಡು ಸಂಖ್ಯೆ. ಹತ್ತು ವರ್ಷ ದಾಟಿದವರು ಎಷ್ಟು, ಹತ್ತರ ಕೆಳಗಿನವರು ಎಷ್ಟು. ಅಷ್ಟೇ. ಹೆಂಡತಿಯ ಹೆಸರಿಲ್ಲ, ಮಕ್ಕಳ ಹೆಸರಿಲ್ಲ. ಆದರೆ ಒಂದು ಕುಟುಂಬದ ಸಂಖ್ಯೆಯನ್ನು ಸಾಲಾಗಿ ಗಮನಿಸುತ್ತ ಹೋಗಿ. ಮಕ್ಕಳ ಸಂಖ್ಯೆ ಎರಡರಿಂದ ಒಂದಕ್ಕೆ ಇಳಿದು, ದೊಡ್ಡವರ ಸಂಖ್ಯೆ ಒಂದು ಏರಿದರೆ ಯಾರಿಗೋ ಹತ್ತು ತುಂಬಿದೆ. ಇಳಿದದ್ದು ಎಲ್ಲೂ ಏರದಿದ್ದರೆ ಯಾರೋ ಸತ್ತಿದ್ದಾರೆ, ಇಲ್ಲವೇ ಮಗುವನ್ನು ಬೇರೆಯವರ ಮನೆಗೆ ಕೆಲಸಕ್ಕೆ ಒಪ್ಪಿಸಿದ್ದಾರೆ. ಗಂಡಸಿನ ಹೆಸರು ಮಾಯವಾಗಿ ಅದೇ ಜಾಗದಲ್ಲಿ ವಿಧವೆಯೊಬ್ಬಳ ಹೆಸರು ಬಂದರೆ ಏನಾಯಿತೆಂದು ಹೇಳಬೇಕಾಗಿಲ್ಲ. ಗುಮಾಸ್ತ ಬರೆದದ್ದು ಹಿಟ್ಟಿನ ಲೆಕ್ಕ. ನಾವು ಓದುವುದು ಸಾವು-ನೋವಿನ ಲೆಕ್ಕ.

ವೈಸರ್ ಮನೆಯಲ್ಲಿ ಎರಡೂ ಆದವು. ಕಾನ್ರಾಡ್‌ನ ತಮ್ಮಂದಿರಾದ ಗೇಯೋರ್ಗ್ ಫ್ರೀಡ್‌ರಿಷ್, ಕ್ರಿಸ್ಟೋಫ್ ಫ್ರೀಡ್‌ರಿಷ್ ಇಬ್ಬರನ್ನೂ ಗವರ್ನರ್ ಲಾಂಗ್ ಐಲೆಂಡ್‌ನಲ್ಲಿ ದುಡಿಯಲು ಕೊಟ್ಟುಬಿಟ್ಟ. ಅಪ್ಪ ಒಪ್ಪಿದ್ದ ಎಂದು ಕಾನ್ರಾಡ್ ಬರೆಯುತ್ತಾನೆ. ಕೈಯಲ್ಲಿ ಕಾಸಿಲ್ಲದ, ಹೆಂಡತಿ ಸತ್ತ ವಲಸಿಗನ ಒಪ್ಪಿಗೆಗೆ ಎಷ್ಟು ಬೆಲೆ ಎಂದು ನೀವೇ ಯೋಚಿಸಿ. ಕೊನೆಯ ತಮ್ಮ ಯೋಹಾನ್ ಫ್ರೀಡ್‌ರಿಷ್ ಸುಮಾರು ಆರು ವರ್ಷಕ್ಕೇ ತೀರಿಕೊಂಡ.

ಆ ಮೂರು ಹೆಸರು ಗಮನಿಸಿದಿರಾ? ಮೂವರೂ ಫ್ರೀಡ್‌ರಿಷ್. ಅಪ್ಪ, ಮಗ ಇಬ್ಬರೂ ಯೋಹಾನ್ ಕಾನ್ರಾಡ್. ಆ ಕಾಲದ ಜರ್ಮನ್ ಮನೆಗಳಲ್ಲಿ ಮಗುವಿಗೆ ಎರಡು ಹೆಸರು ಇಡುತ್ತಿದ್ದರು. ಐದು ಗಂಡುಮಕ್ಕಳಿದ್ದರೆ ಐವರೂ ಯೋಹಾನ್ ಆಗಬಹುದು. ಮನೆಯಲ್ಲಿ ಕೂಗುತ್ತಿದ್ದದ್ದು ಸಾಮಾನ್ಯವಾಗಿ ಎರಡನೆಯ ಹೆಸರಿನಿಂದ. ಸತ್ತ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಮತ್ತೆ ಇಡುವುದೂ ಇತ್ತು. ಕಾನ್ರಾಡ್‌ನ 14 ಮಕ್ಕಳಲ್ಲಿ ಬೆಂಜಮಿನ್ ಎಂಬ ಹೆಸರಿನವರು ಇಬ್ಬರು. ದೀಕ್ಷಾಸ್ನಾನದ ದಾಖಲೆ ಸಿಕ್ಕಿದ ಕೂಡಲೇ 'ಇವನೇ ನಮ್ಮವನು' ಎಂದು ಬರೆದುಕೊಂಡರೆ, ಮೂರು ತಿಂಗಳಿಗೇ ತೀರಿಕೊಂಡ ಕೂಸನ್ನು ನಿಮ್ಮ ಪೂರ್ವಜ ಮಾಡಿಕೊಂಡಿರುತ್ತೀರಿ. ಸಾವಿನ ಪುಟವನ್ನೂ ನೋಡಲೇಬೇಕು.

1712ರ ಸೆಪ್ಟೆಂಬರ್‌ನಲ್ಲಿ ಹಂಟರ್‌ನ ದುಡ್ಡು ಮುಗಿಯಿತು, ರೇಶನ್ ನಿಂತಿತು. ಚಳಿ ಎದುರಿಗೇ ಇತ್ತು. ಕುಟುಂಬಗಳು ಗುಂಪುಗುಂಪಾಗಿ ನ್ಯೂಯಾರ್ಕ್ ಸೀಮೆಯದೇ ಆದ ಸ್ಕೋಹರಿ ಕಣಿವೆಗೆ ಹೋದವು. ಕಣಿವೆ ಇರೊಕ್ವಾ ಒಕ್ಕೂಟಕ್ಕೆ ಸೇರಿದ ಮೊಹಾಕ್ ಜನರದ್ದು. ಅವರು ಅನ್ನ ಕೊಡದಿದ್ದರೆ, ಯಾವ ಗಡ್ಡೆ ತಿನ್ನಬಹುದು ಎಂದು ತೋರಿಸದಿದ್ದರೆ ಇವರಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ. ಹದಿನಾರರ ಹುಡುಗ ಕಾನ್ರಾಡ್‌ನನ್ನು ಅಪ್ಪ ಒಬ್ಬ ಮೊಹಾಕ್ ನಾಯಕನ ಜೊತೆ ಕಳಿಸಿದ. ಸುಮಾರು ಎಂಟು ತಿಂಗಳು ಅಲ್ಲಿದ್ದು, ಚಳಿ, ಹಸಿವು ತಿಂದು, ಭಾಷೆ ಕಲಿತು ಬಂದ. ಅವನ ಮುಂದಿನ ಬದುಕು ನಿಂತದ್ದು ಆ ಎಂಟು ತಿಂಗಳ ಮೇಲೆ.

ಸ್ಕೋಹರಿಯಲ್ಲಿ ಏಳು ಹಳ್ಳಿ ಕಟ್ಟಿಕೊಂಡರು. ಒಂದೊಂದಕ್ಕೂ ಒಬ್ಬೊಬ್ಬ ಮುಂದಾಳಿನ ಹೆಸರು. ವೈಸರ್ಸ್‌ಡಾರ್ಫ್, ಹಾರ್ಟ್‌ಮನ್ಸ್‌ಡಾರ್ಫ್, ಹೀಗೆ. ವಂಶ ಹುಡುಕುವವರಿಗೆ ಇದು ದೊಡ್ಡ ಸಹಾಯ. ಈ ಜನ ಒಬ್ಬೊಬ್ಬರಾಗಿ ಓಡಾಡಿದವರಲ್ಲ. ಯುರೋಪಿನ ಒಂದೇ ಹಳ್ಳಿಯವರು, ಅಕ್ಕಪಕ್ಕದ ಹಳ್ಳಿಯವರು ಒಟ್ಟಿಗೆ ಹೊರಟರು, ಒಟ್ಟಿಗೆ ಹಡಗು ಹತ್ತಿದರು, ಇಲ್ಲಿಯೂ ಪಕ್ಕಪಕ್ಕ ಮನೆ ಕಟ್ಟಿದರು. ನಿಮ್ಮ ಮನೆತನದ ಊರು ಸಿಗುತ್ತಿಲ್ಲವೇ? ಅವರ ಮಗುವಿನ ದೀಕ್ಷಾಸ್ನಾನಕ್ಕೆ ಧರ್ಮಪಿತ, ಧರ್ಮಮಾತೆಯಾಗಿ ನಿಂತವರು ಯಾರು ನೋಡಿ. ಅವರ ಊರು ಸಿಕ್ಕರೆ ನಿಮ್ಮವರ ಊರೂ ಅದರ ಆಸುಪಾಸಿನಲ್ಲಿರುವ ಸಾಧ್ಯತೆ ಜಾಸ್ತಿ. ಕೋಖರ್‌ತಾಲ್ ಪಾದ್ರಿ ಹಡ್ಸನ್ ದಂಡೆಯಲ್ಲಿ ಇಟ್ಟಿದ್ದ ಚರ್ಚ್ ಪುಸ್ತಕ ಇವತ್ತಿಗೂ ಇದೆ. ಅದರಲ್ಲಿ ಮದುವೆಯಾದವರ ಯುರೋಪಿನ ಊರನ್ನು ಎಷ್ಟೋ ಕಡೆ ಬರೆದಿದ್ದಾನೆ.

ಹೆಂಗಸರ ವಿಷಯಕ್ಕೆ ಬಂದರೆ ಹುಡುಕಾಟ ಇನ್ನೂ ಕಷ್ಟ. ಅದನ್ನು ಕಷ್ಟ ಎಂದು ಬಿಟ್ಟುಬಿಡುವುದು ನನಗಂತೂ ಸರಿ ಕಾಣುವುದಿಲ್ಲ. ಅರ್ಧ ವಂಶ ಅವರದ್ದೇ ಅಲ್ವಾ? ಕಾನ್ರಾಡ್ 1720ರ ನವೆಂಬರ್ 22ರಂದು ಮದುವೆಯಾದ ಅನ್ನಾ ಈವಳನ್ನೇ ತೆಗೆದುಕೊಳ್ಳಿ. ಅವನು ಬರೆದದ್ದು ಬರೀ 'ನನ್ನ ಅನ್ನಾ ಈವ' ಎಂದು. ತವರಿನ ಹೆಸರು ಬರೆಯಲಿಲ್ಲ. ಆ ಖಾಲಿ ಜಾಗವನ್ನು ಕತೆಗಳು ತುಂಬಿದವು. ಅವಳು ಮೊಹಾಕ್ ಹೆಂಗಸು ಎಂಬ ಮಾತು ತಲೆಮಾರುಗಳ ಕಾಲ ನಡೆಯಿತು. ಸಂಶೋಧಕರು ಅಕ್ಕಪಕ್ಕದ ಕುಟುಂಬಗಳ ದಾಖಲೆ ಹಿಡಿದು ಹೋದ ಮೇಲೆ ಅವಳು ಪೀಟರ್ ಫೆಕ್ ಎಂಬ ಜೊತೆಯ ಜರ್ಮನ್ ವಲಸಿಗನ ಮಗಳು ಎಂದು ತಿಳಿಯಿತು. ಮನೆಯಲ್ಲಿ ಹೇಳಿಕೊಂಡು ಬಂದ ಕತೆಯನ್ನು ಬರೆದಿಟ್ಟುಕೊಳ್ಳಿ, ಗೌರವಿಸಿ. ಆದರೆ ಕಾಗದ ನೋಡುವವರೆಗೆ ವಂಶವೃಕ್ಷಕ್ಕೆ ಸೇರಿಸಬೇಡಿ.

ತಾರೀಖಿನದ್ದೂ ಒಂದು ಎಚ್ಚರಿಕೆ ಬೇಕು. ವುರ್ಟೆಂಬರ್ಗ್‌ನಂಥ ಪ್ರಾಟೆಸ್ಟಂಟ್ ರಾಜ್ಯಗಳು ಹೊಸ ಕ್ಯಾಲೆಂಡರ್‌ಗೆ ಬಂದದ್ದು 1700ರಲ್ಲಿ. ಇಂಗ್ಲೆಂಡ್ ಮತ್ತು ಅದರ ವಸಾಹತುಗಳು ಬಂದದ್ದು 1752ರಲ್ಲಿ. ನಡುವೆ 11 ದಿನದ ವ್ಯತ್ಯಾಸ. ಅಷ್ಟೇ ಅಲ್ಲ, 1752ರ ತನಕ ಇಂಗ್ಲಿಷ್ ಲೆಕ್ಕದಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನ್ಯೂಯಾರ್ಕ್‌ನ ಇಂಗ್ಲಿಷ್ ಕಾಗದದಲ್ಲಿ 1712ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1713. ಮದುವೆಗೆ ಮೊದಲೇ ಮಗು ಹುಟ್ಟಿದ ಹಾಗೆ ಕಂಡರೆ ಮೊದಲು ಕ್ಯಾಲೆಂಡರ್ ನೋಡಿ.

ಸ್ಕೋಹರಿಯ ಜಮೀನಿಗೆ ಬೇರೆಯವರು ಹಕ್ಕುಪತ್ರ ತಂದರು. ಅಪ್ಪ ವೈಸರ್ 1718ರಲ್ಲಿ ಲಂಡನ್‌ಗೇ ಹೋಗಿ ಅಹವಾಲು ಹೇಳಿಕೊಂಡ. ಅಲ್ಲಿ ಸಾಲದ ಜೈಲು ಕಂಡದ್ದೇ ಬಂತು. 1723ರಲ್ಲಿ ಒಂದು ಗುಂಪು ಸ್ಕೋಹರಿ ಬಿಟ್ಟು, ಕಾಡು ದಾಟಿ, ದೋಣಿ ಮಾಡಿಕೊಂಡು ಸಸ್ಕ್ವೆಹಾನಾ ನದಿಯಲ್ಲಿ ಇಳಿದು, ಪೆನ್ಸಿಲ್ವೇನಿಯಾದ ಟಲ್ಪಹಾಕನ್‌ಗೆ ಬಂತು. ಕಾನ್ರಾಡ್ ಹೆಂಡತಿ ಮಕ್ಕಳೊಂದಿಗೆ ಬಂದದ್ದು 1729ರಲ್ಲಿ. ಫಿಲಡೆಲ್ಫಿಯಾದಲ್ಲಿ 1727ರಿಂದ ಹಡಗಿನ ಪಟ್ಟಿಗಳು ಶುರುವಾಗಿದ್ದವು. ಬಂದಿಳಿದ 16 ದಾಟಿದ ಗಂಡಸರೆಲ್ಲ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು. ಪೆನ್ಸಿಲ್ವೇನಿಯಾ ಜರ್ಮನ್ನರನ್ನು ಹುಡುಕುವವರೆಲ್ಲ ಮೊದಲು ತೆಗೆಯುವುದು ಆ ಪಟ್ಟಿಗಳನ್ನೇ. 1729ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದ ಕಾನ್ರಾಡ್ ಮಾತ್ರ ಅದರಲ್ಲಿಲ್ಲ. ಅವನು ನ್ಯೂಯಾರ್ಕ್ ಕಡೆಯಿಂದ ನೆಲದ ಮೇಲೆ ಬಂದವನು.

ಟಲ್ಪಹಾಕನ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ನೆಲ ಲೆನಾಪೆ ಎಂಬ ಮೂಲನಿವಾಸಿ ಜನರದ್ದು. ನಮಗೆ ಕಾಸು ಕೊಡದೆ ನಮ್ಮ ನೆಲದಲ್ಲಿ ಬಂದು ಕೂತಿದ್ದಾರೆ ಎಂದು ಅವರ ನಾಯಕ ಸಸೂನನ್ 1728ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ದೂರು ಕೊಟ್ಟ. ಜಮೀನಿನ ಕ್ರಯ ಆದದ್ದು 1732ರಲ್ಲಿ. ಸ್ಕೋಹರಿಯಲ್ಲಿ ಜಮೀನು ಕಳೆದುಕೊಂಡು ಅತ್ತವರೇ ಇಲ್ಲಿ ಇನ್ನೊಬ್ಬರ ನೆಲದಲ್ಲಿ ನೇಗಿಲು ಹೂಡಿದರು. ವಂಶಾವಳಿಯಲ್ಲಿ ಹೊಲದ ಪತ್ರ ಸೇರಿಸುವಾಗ ಅದರ ಹಿಂದಿನ ಪತ್ರವನ್ನೂ ಸೇರಿಸುವುದು ನ್ಯಾಯ.

ಕಾನ್ರಾಡ್ 1735ರ ಹೊತ್ತಿಗೆ ಎಫ್ರಾಟಾದ ಸನ್ಯಾಸಿ ಪಂಗಡ ಸೇರಿದ, ಕೆಲವು ವರ್ಷದ ಮೇಲೆ ಬಿಟ್ಟ. ಆ ಪಂಗಡದಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಇರಲಿಲ್ಲ. ಚರ್ಚ್ ಪುಸ್ತಕದಲ್ಲಿ ಒಂದು ಮನೆಯ ಹೆಸರು ಹಠಾತ್ತನೆ ನಿಂತರೆ ಅವರು ಸತ್ತರು, ಊರು ಬಿಟ್ಟರು ಎಂದೇ ಅಲ್ಲ. ಪಂಗಡ ಬದಲಿಸಿರಬಹುದು. ಮಗಳು ಅನ್ನಾ ಮರಿಯಾ 1745ರಲ್ಲಿ ಲೂಥರನ್ ಪಾದ್ರಿ ಹೆನ್ರಿ ಮೆಲ್ಷಿಯೋರ್ ಮ್ಯೂಲೆನ್‌ಬರ್ಗ್‌ನನ್ನು ಮದುವೆಯಾದಳು. ಅವರ ಒಬ್ಬ ಮಗ ಪೀಟರ್ ಸ್ವಾತಂತ್ರ್ಯ ಯುದ್ಧದ ಜನರಲ್. ಇನ್ನೊಬ್ಬ ಫ್ರೆಡರಿಕ್ 1789ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಮೊದಲ ಸ್ಪೀಕರ್. ಈ ಅಳಿಯ ಮ್ಯೂಲೆನ್‌ಬರ್ಗ್ ಜರ್ಮನಿಯ ಹಾಲೆ ಊರಿಗೆ ತಪ್ಪದೆ ವರದಿ ಕಳಿಸುತ್ತಿದ್ದ. ತಮಿಳುನಾಡಿನ ತರಂಗಂಬಾಡಿಗೆ 1706ರಲ್ಲಿ ಬಂದ ಪಾದ್ರಿಗಳು ಓದಿ ಬಂದದ್ದೂ ಅದೇ ಹಾಲೆಯಿಂದ. ಕಾನ್ರಾಡ್‌ನ ಅಪ್ಪ, ಮುದುಕ ವೈಸರ್, 1746ರಲ್ಲಿ ಮಗನ ಮನೆಗೆ ಬಂದು ಅಲ್ಲೇ ಕಣ್ಣು ಮುಚ್ಚಿದ್ದು ಮ್ಯೂಲೆನ್‌ಬರ್ಗ್‌ನ ಬರಹಗಳಿಂದ ನಮಗೆ ತಿಳಿಯುತ್ತದೆ.

ಒಬ್ಬರು ಆಗಲೇ ಕೇಳಿದರು, 'ಇಷ್ಟೆಲ್ಲ ಯಾಕೆ, ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಸಾಲದಾ?' ಎಂದು. ಸಾಲದು. 1709 ಎಂದರೆ ಹತ್ತು ತಲೆಮಾರಿನ ಹಿಂದೆ. ಅಷ್ಟು ಹಿಂದಿನ ಒಬ್ಬ ಪೂರ್ವಜನಿಂದ ನಿಮ್ಮ ಮೈಯಲ್ಲಿ ಡಿಎನ್‌ಎಯ ಒಂದು ತುಣುಕೂ ಉಳಿಯದೆ ಇರಬಹುದು. ಅಪ್ಪನಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮ್ ಒಂದು ಹೆಸರಿನ ಎರಡು ಶಾಖೆ ಒಂದೇ ಮೂಲವಾ ಎಂದು ಹೇಳಬಲ್ಲದು. ಊರಿನ ಹೆಸರು ಹೇಳಲಾರದು.

ಊರು ಸಿಕ್ಕ ಮೇಲೆ ಏನು ಮಾಡಬೇಕು? ಚರ್ಚ್ ಪುಸ್ತಕ ನೋಡುತ್ತೀರಿ, ಅವು ಈಗ ಆನ್‌ಲೈನ್‌ನಲ್ಲೂ ಬಹಳಷ್ಟು ಸಿಗುತ್ತವೆ. ಆದರೆ ವುರ್ಟೆಂಬರ್ಗ್‌ನಲ್ಲಿ ಇನ್ನೊಂದು ನಿಧಿ ಇದೆ. 16ನೇ ಶತಮಾನದಿಂದಲೇ ಅಲ್ಲಿನ ಕಾನೂನು, ಮದುವೆಯಾದಾಗ ಗಂಡ ತಂದದ್ದೇನು ಹೆಂಡತಿ ತಂದದ್ದೇನು, ಸತ್ತಾಗ ಉಳಿದದ್ದೇನು ಎಂದು ಪಟ್ಟಿ ಮಾಡಿಸುತ್ತಿತ್ತು. ಹೊಲ, ದ್ರಾಕ್ಷಿತೋಟ, ಹಾಸಿಗೆ, ಬಟ್ಟೆ, ತಾಮ್ರದ ಪಾತ್ರೆ, ಸಾಲ ಎಲ್ಲವೂ ಅದರಲ್ಲಿ ಬರುತ್ತದೆ. ವಾರಸುದಾರರ ಹೆಸರೂ ಇರುತ್ತದೆ. ಒಬ್ಬ ಮಗ ಊರಲ್ಲಿಲ್ಲದಿದ್ದರೆ ಅವನು ಎಲ್ಲಿಗೆ ಹೋದ ಎಂಬುದನ್ನೂ ಗುಮಾಸ್ತ ಬರೆಯುತ್ತಿದ್ದ. ಪಾಲು ಹಂಚಬೇಕಲ್ಲ! ಅಮೆರಿಕಕ್ಕೆ ಹೋದ ಎಷ್ಟೋ ಜನರ ಸುಳಿವು ಸಿಕ್ಕಿರುವುದು, ಅಲ್ಲೇ ಉಳಿದ ಅಕ್ಕನ, ತಮ್ಮನ, ಚಿಕ್ಕಪ್ಪನ ಇಂಥ ಪಟ್ಟಿಗಳಲ್ಲಿ.

ಅದಕ್ಕೇ ಕ್ಯಾಥರಿನಾಳನ್ನು ನೆನಪಿಟ್ಟುಕೊಳ್ಳಿ ಎಂದದ್ದು. ಹೊರಟವರ ಹಿಂದೆ ಹೋಗಿ ದಾರಿ ತಪ್ಪಿದವರು ಒಮ್ಮೆ ತಿರುಗಿ, ಮನೆಯಲ್ಲೇ ಉಳಿದವರ ಕಾಗದ ತೆಗೆಯಿರಿ. ಉಳಿದವಳ ಹೆಸರು ಗಂಡನ ಮನೆತನದ ಹೆಸರಿನ ಕೆಳಗೆ ಇರುತ್ತದೆ. ಆ ಹೆಸರಿನಲ್ಲೂ ಹುಡುಕಿ.